ಸಂಪರ್ಕ ತಪ್ಪಿದೆ

ಸೂಚನಾ ಫಲಕದ ಮೇಲೆ ಅವಳ ಪ್ರಬಂಧದ ಮೊದಲ ಪುಟವನ್ನು ಯಾರೋ ಮೂರೇ ಪಿನ್ನು ಚುಚ್ಚಿ ನಿಲ್ಲಿಸಿದ್ದರು. ನಾಲ್ಕನೆಯ ಮೂಲೆ ಸುರುಟಿಕೊಂಡು ಮೇಲೆದ್ದಿತ್ತು. ಬೆಳಗ್ಗೆ ಲಿಫ್ಟಿಗೆ ಕಾಯುತ್ತ ನಿಂತವಳು ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಬಿಟ್ಟ ಕೂಡಲೇ ಎದ್ದಿತು. ಮತ್ತೆ ಒತ್ತಿದಳು. ಮೂರನೆಯ ಸಲ ಒತ್ತುತ್ತಿರುವಾಗ ಹಿಂದಿನಿಂದ ಎಕ್ಸ್‌ರೇ ವಿಭಾಗದವರು, "ಎಷ್ಟು ನೋಡಿದ್ರೂ ಸಾಲದು ಅಲ್ವಾ ಮೇಡಂ? ನೋಡ್ಕೊಳ್ಳಿ ನೋಡ್ಕೊಳ್ಳಿ, ನಮ್ಮಂಥೋರ ಹೆಸರು ಎಲ್ಲಿ ಬರುತ್ತೆ" ಎಂದು ನಕ್ಕರು. ತನ್ನ ಹೆಸರನ್ನು ತಾನೇ ಸವರಿಕೊಳ್ಳುತ್ತ ಸಿಕ್ಕಿಬಿದ್ದ ಹಾಗಾಗಿ ಅವಳ ಕಿವಿ ಬಿಸಿಯಾಯಿತು. ನಗಬೇಕಿತ್ತು, ನಕ್ಕಳು. ಲಿಫ್ಟು ಬಂತು, ಅವರು ಒಳಗೆ ಹೋಗಿ, ಬಾಗಿಲನ್ನು ಮೊಣಕೈಯಲ್ಲಿ ತಡೆದು, ಅವಳಿಗಾಗಿ ನಿಂತರು. ಏನೋ ಮರೆತವಳಂತೆ ಚೀಲ ತಡಕಾಡಿ, ನೀವು ಹೋಗಿ ಎಂದು ಕೈಯಾಡಿಸಿ, ಅವಳು ಮೆಟ್ಟಿಲು ಹತ್ತಿದಳು. ನಾಲ್ಕು ಮಹಡಿ. ಈ ವಾರವೆಲ್ಲ ಇದೇ ಆಗಿತ್ತು. ಹೊಗಳುವವರು ಎದುರಾದರೆ ಅವಳ ಕಾಲು ತಾವಾಗಿಯೇ ಮೆಟ್ಟಿಲು ಹುಡುಕುತ್ತಿದ್ದವು. ಇಪ್ಪತ್ತು ವರ್ಷ ಇದೇ ಹೊಗಳಿಕೆಗಾಗಿ ಬಾಯಿ ಬಿಟ್ಟುಕೊಂಡು ಕೂತಿದ್ದವಳು ಅವಳೇ ಎಂದು ಯಾರಾದರೂ ನೆನಪು ಮಾಡಿದ್ದರೆ ಇಲ್ಲ ಎನ್ನುವಂತಿರಲಿಲ್ಲ.

ಪ್ರಬಂಧದಲ್ಲಿ ಇದ್ದದ್ದು ಇಷ್ಟೇ. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿ ಮನೆಗೆ ಹೋದ ಹೆಂಗಸರು ತಪಾಸಣೆಗೆಂದು ಎಷ್ಟು ಸಲ ಆಸ್ಪತ್ರೆಗೆ ಬರಬೇಕು? ಮೂರು ತಿಂಗಳಿಗೊಮ್ಮೆ ಎಂಬುದು ಹಳೆಯ ಪದ್ಧತಿ. ದೂರದಿಂದ ಬರುವವರಿಗೆ ಅದೊಂದು ಶಿಕ್ಷೆ. ಹಿಂದಿನ ವಾರವೆಲ್ಲ ನಿದ್ದೆಯಿಲ್ಲ, ಬಂದ ದಿನವೆಲ್ಲ ಬೆಂಚು. ವರ್ಷಕ್ಕೊಮ್ಮೆ ಬಂದರೆ ಸಾಲದೇ ಎಂದು ಅವಳು ಕೇಳಿದ್ದಳು. ಆರುನೂರ ನಾಲ್ಕು ಹೆಂಗಸರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ತಿಂಗಳು, ಇನ್ನೊಂದಕ್ಕೆ ವರ್ಷ ಎಂದು ಹೇಳಿ, ಆರು ವರ್ಷ ಲೆಕ್ಕ ಇಟ್ಟಿದ್ದಳು. ಎರಡು ಗುಂಪಿನ ಸಾವುಗಳ ನಡುವೆ ಒಂಬತ್ತಕ್ಕಿಂತ ಹೆಚ್ಚು ಅಂತರ ಬರದಿದ್ದರೆ ಎರಡೂ ಸಮ ಎನ್ನಬಹುದು ಎಂದು ಶುರುವಿನಲ್ಲೇ ಗೆರೆ ಹಾಕಿಕೊಂಡಿದ್ದರು. ಮೂರು ತಿಂಗಳ ಗುಂಪಿನಲ್ಲಿ ಇಪ್ಪತ್ತೊಂದು, ವರ್ಷದ ಗುಂಪಿನಲ್ಲಿ ಮೂವತ್ತು. ಸರಿಯಾಗಿ ಒಂಬತ್ತು. "ಆ ಕಡೆ ಇನ್ನೊಂದು ಬಿದ್ದಿದ್ರೆ ಕೊನೆ ವಾಕ್ಯ ಬೇರೆ ಬರೀಬೇಕಿತ್ತು, ಬಚಾವಾದ್ವಿ" ಎಂದಿದ್ದ ಅಂಕಿಅಂಶದವನು, ಚಹಾ ಲೋಟದಲ್ಲಿ ಬಿಸ್ಕತ್ತು ಅದ್ದುತ್ತ. ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಅವನು ಅದನ್ನು ಚಮಚದಲ್ಲಿ ಎತ್ತಿ ತಿಂದ. ಅವಳು ನೋಡುತ್ತ ಕೂತಿದ್ದಳು. ಆ ಇನ್ನೊಂದು ಯಾರೆಂದು ಆ ಕೋಣೆಯಲ್ಲಿ ಅವಳಿಗೊಬ್ಬಳಿಗೇ ಗೊತ್ತಿತ್ತು.

ಮುಖ್ಯಸ್ಥರ ಕೋಣೆಯಲ್ಲಿ ತಪಾಸಣೆಯ ದಿನ ಬರೆದುಕೊಡುವ ಹೊಸ ಕಾರ್ಡುಗಳು ಬಂದಿದ್ದವು. ತಿಳಿ ಹಸಿರು, ಅಂಗೈಯಗಲ. ಹಳೆಯದರಲ್ಲಿ ವರ್ಷಕ್ಕೆ ನಾಲ್ಕು ಮನೆಗಳಿದ್ದರೆ ಇದರಲ್ಲಿ ಒಂದೇ. ಸೋಮವಾರದಿಂದ ಬರುವ ಪ್ರತಿಯೊಬ್ಬ ಹೆಂಗಸಿಗೂ ಇದನ್ನೇ ಕೊಡುವುದು. ಮುಖ್ಯಸ್ಥರು ಒಳ್ಳೆಯ ಮನುಷ್ಯ; ಜೋರು ದನಿ, ಜೋರು ನಗು. ಪ್ರಬಂಧ ಅಚ್ಚಾದ ಪತ್ರಿಕೆಯನ್ನು ಎದೆಯ ಹತ್ತಿರ ಹಿಡಿದು ನಿಲ್ಲುವಂತೆ ಹೇಳಿ, ತಮ್ಮ ಫೋನಿನಲ್ಲಿ ತಾವೇ ಅವಳ ಚಿತ್ರ ತೆಗೆದರು. "ಸ್ವಲ್ಪ ನಗಿ ಅಮ್ಮಾ. ಸಾವಿನ ಮನೆಗೆ ಬಂದ ಹಾಗೆ ನಿಂತಿದೀರಲ್ಲ!" ಅವಳು ತುಟಿ ಅಗಲಿಸಿದಳು. ಎದೆಯ ಹತ್ತಿರ ಹಿಡಿದ ಪತ್ರಿಕೆಯ ಅಂಚು ಅಂಗಿಯ ಗುಂಡಿಗೆ ಸಿಕ್ಕಿತ್ತು. ಎದೆ, ಅಂದರೆ ಅವಳಿಗೆ ಈಗ ಅಂಕಿ. ಎಡ, ಬಲ, ಗಡ್ಡೆಯ ಅಳತೆ, ಕಂಕುಳಿನ ಗಂಟುಗಳು. ತನ್ನದೂ ಒಂದಿದೆ ಎಂಬುದು ಸ್ನಾನ ಮಾಡುವಾಗ ಮಾತ್ರ ನೆನಪಾಗುತ್ತಿತ್ತು, ಆಗಲೂ ಕೈ ಪರೀಕ್ಷೆ ಮಾಡುವವರ ಹಾಗೆ ಸುತ್ತು ಹಾಕುತ್ತಿತ್ತು. ಚಿತ್ರ ಚೆನ್ನಾಗಿ ಬರಲಿಲ್ಲ. ಇನ್ನೊಂದು ತೆಗೆದರು. "ಸೋಮವಾರ ನರ್ಸುಗಳಿಗೆಲ್ಲ ನೀವೇ ಹತ್ತು ನಿಮಿಷ ಹೇಳ್ಬಿಡಿ. ವರ್ಷಕ್ಕೊಂದು ಸಲ ಸಾಕು, ನಡುವೆ ಸುಮ್ನೆ ಬಂದು ಗಾಬರಿಯಾಗೋದು ಬೇಡ ಅಂತ." ಅವಳು ಆಗಲಿ ಎಂದಳು. ನಡುವೆ ನೋವು ಬಂದರೆ ಮಾತ್ರ ಕೂಡಲೇ ಬರಬೇಕು ಎಂಬುದು ಅಧ್ಯಯನದ ನಿಯಮದ ಹನ್ನೊಂದನೆಯ ಪುಟದಲ್ಲಿದೆ, ಅದನ್ನೂ ಹೇಳಬೇಕು ಎಂದುಕೊಂಡಳು.

ಏಳು ವರ್ಷದ ಹಿಂದೆ, ಹಾಸಿಗೆಯ ಚಾದರವನ್ನು ಮಡಚುವಾಗ ಅತ್ತಿಗೆ ಅದನ್ನು ಹೇಳಿದ್ದಳು. ಇಬ್ಬರೂ ಎರಡೆರಡು ತುದಿ ಹಿಡಿದು ಎಳೆದು ಜಾಡಿಸಿ, ಹತ್ತಿರ ಬಂದು ತುದಿಗೆ ತುದಿ ಸೇರಿಸಿ, ಮತ್ತೆ ದೂರ ಹೋಗುವುದು. ಎರಡನೆಯ ಸಲ ಹತ್ತಿರ ಬಂದಾಗ ಅತ್ತಿಗೆ ತುದಿಯನ್ನು ಕೊಡದೆ ಹಾಗೇ ಎದೆಗೆ ಹಿಡಿದು, "ಇಲ್ಲೇನೋ ಗಟ್ಟಿಯಾಗಿದೆ ಕಣೇ, ಶೇಕಡಾ, ನೋಡ್ತೀಯಾ?" ಎಂದಳು. ಶೇಕಡಾ ಎಂಬುದು ಅತ್ತಿಗೆ ಇಟ್ಟ ಹೆಸರು. ಅಣ್ಣನ ಮದುವೆಯಾದಾಗ ಅವಳಿಗೆ ಹನ್ನೊಂದು ವರ್ಷ, ತಾಯಿ ಇಲ್ಲದ ಮನೆ. ಎಲ್ಲದಕ್ಕೂ ಲೆಕ್ಕ ಹೇಳುವ ಹುಡುಗಿ. ಬಟ್ಟೆ ಶೇಕಡಾ ಅರವತ್ತು ಒಣಗಿದೆ, ಅಣ್ಣನ ಸಿಟ್ಟು ಶೇಕಡಾ ಇಪ್ಪತ್ತು ಉಳಿದಿದೆ. ಹೊಸ ಸೊಸೆ ಬಿದ್ದು ಬಿದ್ದು ನಕ್ಕಿದ್ದಳು. ಆಮೇಲೆ ಮೂವತ್ತೆಂಟು ವರ್ಷ ಬೇರೆ ಹೆಸರಿನಿಂದ ಕರೆಯಲಿಲ್ಲ. ಜಡೆ ಹಾಕಿದ್ದು, ಮೊದಲ ಸಲ ಮುಟ್ಟಾದಾಗ ಬಾಗಿಲು ಹಾಕಿಕೊಂಡು ಎಲ್ಲ ಹೇಳಿಕೊಟ್ಟದ್ದು, ವೈದ್ಯಕೀಯಕ್ಕೆ ಸೇರುತ್ತೇನೆಂದಾಗ ಅಪ್ಪನ ಎದುರು ಅವಳ ಪರವಾಗಿ ನಿಂತದ್ದು, ಎಲ್ಲ ಅದೇ ಹೆಸರಿನಲ್ಲಿ. ಆ ಚಾದರವನ್ನು ಅವತ್ತು ಮಡಚಿ ಮುಗಿಸಿದರೋ ಇಲ್ಲವೋ ಅವಳಿಗೆ ನೆನಪಿಲ್ಲ. ಶಸ್ತ್ರಚಿಕಿತ್ಸೆ ಆಯಿತು, ಔಷಧಿ ಆಯಿತು, ಉದುರಿದ ಕೂದಲು ಬಂತು. ಅಧ್ಯಯನಕ್ಕೆ ಸೇರುತ್ತೇನೆಂದು ಅತ್ತಿಗೆಯೇ ಹಟ ಹಿಡಿದಳು. "ನಮ್ಮ ಹುಡುಗಿ ಜನ ಹುಡುಕ್ತಿದಾಳೆ, ನಾನು ಸೇರದಿದ್ರೆ ಹೆಂಗೆ?" ಚೀಟಿ ಎತ್ತಿದಾಗ ವರ್ಷದ ಗುಂಪು ಬಂತು. ಸಂಖ್ಯೆ ಇನ್ನೂರ ಹದಿನೇಳು. ಮುಖ್ಯಸ್ಥರಿಗೆ ವಿಷಯ ತಿಳಿಸಿದಾಗ ಅವರು, "ಅದಕ್ಕೇನಂತೆ, ಅವರ ಕಡತ ಮಾತ್ರ ನೀವು ಮುಟ್ಟಬೇಡಿ" ಎಂದರು, ಮತ್ತು ಮರೆತರು. ಅವಳು ಮರೆಯಲಿಲ್ಲ. ಐದು ವರ್ಷ ಆ ಕಡತವನ್ನು ಕಣ್ಣೆತ್ತಿ ನೋಡಲಿಲ್ಲ. ನೋಡಲಿಲ್ಲ ಎಂಬುದರಲ್ಲಿ ಒಂದು ಜಂಬವೂ ಇತ್ತು, ಸುಳ್ಳೇಕೆ.

ಜಂಬದ ಫಲ ಅತ್ತಿಗೆಯ ಫೋನಿನಲ್ಲಿ ಬಂತು. ಮಧ್ಯಾಹ್ನ, ಆಸ್ಪತ್ರೆಯಲ್ಲಿ ತನ್ನ ಕೋಣೆ, ತನ್ನ ಕುರ್ಚಿ. "ಬೆನ್ನು ಹಿಡ್ಕೊಂಡಿದೆ ಕಣೇ. ಹತ್ತು ದಿನ ಆಯ್ತು. ಕೂತ್ರೂ ನೋವು, ಮಲಗಿದ್ರೂ ನೋವು." ಮಲಗಿದರೂ ಬಿಡದ ಬೆನ್ನುನೋವು, ಅದೂ ಈ ಕಾಯಿಲೆ ಬಂದು ಹೋದ ಹೆಂಗಸಿಗೆ, ಮೊದಲ ವರ್ಷದ ವಿದ್ಯಾರ್ಥಿಗೂ ಕಿವಿ ನೆಟ್ಟಗಾಗಬೇಕು. ಬೇರೆ ಯಾರೇ ಹೇಳಿದ್ದರೂ ನಾಳೆಯೇ ಬನ್ನಿ ಎನ್ನುತ್ತಿದ್ದಳು. ನಿಯಮವೂ ಅದನ್ನೇ ಹೇಳುತ್ತಿತ್ತು. ಆದರೆ ಇದು ತನ್ನವರು. ತನ್ನವರೆಂದು ಸರದಿ ತಪ್ಪಿಸಿ ಒಳಗೆ ಕರೆದರೆ, ವರ್ಷದ ಗುಂಪಿನವಳನ್ನು ನಡುವೆ ತಾನೇ ಮುಟ್ಟಿದರೆ, ನಾಳೆ ಯಾರಾದರೂ ಬೆರಳು ತೋರಿಸಿದರೆ? ಅಧ್ಯಯನ ಮುಗಿಯಲು ಎರಡೇ ತಿಂಗಳು. ಅವಳ ಬಾಯಿಂದ ಬಂದದ್ದು ಇದು: "ನಿಮಗೆ ಮುಂದಿನ ತಿಂಗಳು ಇಪ್ಪತ್ತೆರಡಕ್ಕೆ ತಪಾಸಣೆ ಇದೆಯಲ್ಲ, ಆಗ ಮರೀದೆ ಹೇಳಿ. ಅಲ್ಲೀವರೆಗೂ ಭಾರ ಎತ್ತಬೇಡಿ." ಹುಟ್ಟಿದಾಗಿನಿಂದ ಎನ್ನುವಷ್ಟು ಕಾಲ ನೀನು ಎಂದೇ ಕರೆದವಳಿಗೆ, ನೀವು. ಅತ್ತಕಡೆ ನಗು. "ಇದೇನೇ, ನೀವು ಗೀವು? ಪಕ್ಕದಲ್ಲಿ ಯಾರಾದ್ರೂ ದೊಡ್ಡೋರು ಕೂತಿದಾರಾ?" ಪಕ್ಕದಲ್ಲಿ ಯಾರೂ ಇರಲಿಲ್ಲ. "ಹ್ಞೂಂ" ಎಂದಳು. "ಆಯ್ತು ಬಿಡಮ್ಮ, ಕೆಲಸ ನೋಡ್ಕೋ." ನಾಲ್ಕನೆಯ ವಾರ ಅತ್ತಿಗೆಯ ಕಾಲು ಸೋತವು. ಅಣ್ಣ ತನ್ನ ಊರಿನಲ್ಲೇ ಒಂದು ಚಿಕ್ಕ ಆಸ್ಪತ್ರೆಗೆ ಸೇರಿಸಿದ. ಅಷ್ಟರಲ್ಲಿ ಬೆನ್ನುಮೂಳೆಯಷ್ಟೇ ಅಲ್ಲ, ಲಿವರಿಗೂ ಹರಡಿತ್ತು. ಹತ್ತೊಂಬತ್ತನೆಯ ತಾರೀಕು ಬೆಳಗ್ಗೆ ಅಣ್ಣನ ಫೋನು ಬಂತು. ತಪಾಸಣೆಗೆ ಇನ್ನು ಮೂರು ದಿನವಿತ್ತು.

ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲ. ಈ ವಾಕ್ಯವನ್ನು ಅವಳು ಹದಿನಾಲ್ಕು ತಿಂಗಳಿನಿಂದ ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಬೇರೆಯವರು ಮಾತಾಡುತ್ತಿರುವಾಗ ಹೇಳಿಕೊಳ್ಳುತ್ತ ಬಂದಿದ್ದಳು. ವಾಕ್ಯ ಸುಳ್ಳಲ್ಲ. ಮೂಳೆಗೆ ಇಳಿದ ಮೇಲೆ ಹಿಂದೆ ಕರೆಯುವ ಮಂತ್ರ ಯಾರ ಹತ್ತಿರವೂ ಇಲ್ಲ. ಆದರೆ ನೋವಿಗೆ ಔಷಧಿ ಇತ್ತು, ಬೆನ್ನಿಗೆ ವಿಕಿರಣ ಕೊಟ್ಟಿದ್ದರೆ ಕಾಲು ಇನ್ನಷ್ಟು ದಿನ ನಡೆಯುತ್ತಿತ್ತು, ಬಚ್ಚಲಿಗಾದರೂ ಅತ್ತಿಗೆ ತನ್ನ ಕಾಲಿನ ಮೇಲೆ ತಾನು ಹೋಗುತ್ತಿದ್ದಳು. ಇದನ್ನು ಅವಳು ಹೇಳಿಕೊಳ್ಳುತ್ತಿರಲಿಲ್ಲ. ಅದು ತಾನಾಗಿಯೇ ಹಿಂದಿನಿಂದ ಬಂದು ನಿಲ್ಲುತ್ತಿತ್ತು. ನಾಲ್ಕು ದಿನ ರಜೆ ಹಾಕಿ, ಮಣ್ಣು ಮಾಡಿ ಬಂದ ಮೇಲೆ, ಮೇಜಿನ ಮೇಲೆ ಕಾಗದಗಳು ಕಾದಿದ್ದವು. ಕಡತದ ಕೋಣೆಯ ಗುಮಾಸ್ತೆ ಇಪ್ಪತ್ತೆರಡಕ್ಕೆ ಬಾರದ ಇನ್ನೂರ ಹದಿನೇಳಕ್ಕೆ ನಿಯಮದಂತೆ ಮೂರು ವಾರ ಮೂರು ಸಲ ಫೋನು ಮಾಡಿದಳು. ಫೋನು ಅತ್ತಿಗೆಯದು, ಅಣ್ಣ ಅದನ್ನು ಆರಿಸಿ ಬೀರುವಿನಲ್ಲಿಟ್ಟಿದ್ದ. ಪಟ್ಟಿಯಲ್ಲಿ ಪ್ರತಿ ಸಂಖ್ಯೆಯ ಮುಂದೆ ಮೂರು ಮನೆ: ಇದ್ದಾರೆ, ಇಲ್ಲ, ಸಂಪರ್ಕ ತಪ್ಪಿದೆ. ಗುಮಾಸ್ತೆ ಮೂರನೆಯದರಲ್ಲಿ ಗುರುತು ಹಾಕಿದಳು. ಸಂಪರ್ಕ ತಪ್ಪಿದವರನ್ನು ಕೊನೆಯ ಸಲ ಕಂಡ ದಿನದವರೆಗೆ ಬದುಕಿದ್ದರೆಂದು ಹಿಡಿದು, ಅಲ್ಲಿಗೆ ಬಿಟ್ಟುಬಿಡುತ್ತಾರೆ. ಸತ್ತವರ ಲೆಕ್ಕಕ್ಕೆ ಅವರಿಲ್ಲ. ಪಟ್ಟಿ ಸಹಿಗೆ ಬಂತು. ನಲವತ್ತೊಂದು ಜನ ಸಂಪರ್ಕ ತಪ್ಪಿದವರು, ಅದರಲ್ಲಿ ಒಬ್ಬಳ ಮುಖಕ್ಕೆ ಅವಳೇ ತಿಂಗಳ ಹಿಂದೆ ಬಟ್ಟೆ ಮುಚ್ಚಿ ಬಂದಿದ್ದಳು. ಆ ಕಡತ ನಾನು ಮುಟ್ಟಬಾರದು, ಎಂದುಕೊಂಡಳು. ಮುಟ್ಟಬಾರದೆಂಬುದು ಎಷ್ಟು ಅನುಕೂಲದ ನಿಯಮವಾಗಿತ್ತು! ಸಹಿ ಮಾಡಲು ನಾಲ್ಕು ಸೆಕೆಂಡು ಹಿಡಿಯಿತು.

ಚಿತ್ರ ತೆಗೆಸಿಕೊಂಡು ತನ್ನ ಕೋಣೆಗೆ ಬಂದವಳಿಗೆ ಹನ್ನೊಂದು ಗಂಟೆಗೆ ಕಡತದ ಕೋಣೆಯಿಂದ ಫೋನು ಬಂತು. "ಮೇಡಂ, ಯಾರೋ ಹಿರಿಯರು ಬಂದಿದಾರೆ. ನಾವು ಕಳಿಸಿದ ಕಾಗದ ಹಿಡ್ಕೊಂಡಿದಾರೆ. ನಿಮ್ಮನ್ನೇ ನೋಡ್ಬೇಕಂತೆ." ಯಾವ ಕಾಗದ ಎಂದು ಕೇಳುವಷ್ಟರಲ್ಲಿ ಅವಳಿಗೆ ನೆನಪಾಯಿತು. ಪ್ರಬಂಧ ಅಚ್ಚಾದ ಮೇಲೆ ಸಂಪರ್ಕ ತಪ್ಪಿದ ನಲವತ್ತೊಂದು ಜನರಿಗೂ ಒಂದು ಕಾಗದ ಹೋಗಬೇಕೆಂದು ತೀರ್ಮಾನವಾಗಿತ್ತು. ಒಕ್ಕಣೆ ಅವಳದೇ. ಸಹಿಯ ಅಚ್ಚೂ ಅವಳದೇ. ವಿಳಾಸಗಳನ್ನು ಯಂತ್ರ ತಾನಾಗಿಯೇ ಅಂಟಿಸುತ್ತದೆ, ಮತ್ತು ಯಂತ್ರಕ್ಕೆ ನಾಚಿಕೆ ಇಲ್ಲ. ಆ ನಲವತ್ತೊಂದರಲ್ಲಿ ಅಣ್ಣನ ಮನೆಯ ವಿಳಾಸವೂ ಇದೆಯೆಂಬುದು ಒಂದು ವಾರದಲ್ಲಿ ಒಂದು ಸಲವೂ ಅವಳಿಗೆ ಹೊಳೆದಿರಲಿಲ್ಲ. ಸತ್ತವರಿಗೆ ಅಂಚೆ ಹೋಗುವುದಿಲ್ಲ ಎಂದು ಮನಸ್ಸು ಎಲ್ಲೋ ನಂಬಿಕೊಂಡಿರಬೇಕು.

ಕಡತದ ಕೋಣೆಯಲ್ಲಿ ಕಿಟಕಿಯಿಲ್ಲ. ಗೋಡೆಯಿಂದ ಗೋಡೆಗೆ ಕಬ್ಬಿಣದ ಕಪಾಟು, ನಡುವೆ ಒಂದು ಉದ್ದನೆಯ ಮೇಜು. ಮೇಜಿನ ಕೊನೆಯಲ್ಲಿ ಅಣ್ಣ ಕೂತಿದ್ದ, ಮಡಚಿದ ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು. ಅಂಗಿಯ ಕಾಲರು ಒಳಗೆ ಮಡಚಿಕೊಂಡಿತ್ತು. ಮುಂಚೆಯಾಗಿದ್ದರೆ ಮನೆ ಬಿಡುವ ಮೊದಲೇ ಅದನ್ನು ಸರಿಮಾಡುವ ಕೈ ಒಂದಿತ್ತು. ತಂಗಿ ಭಾನುವಾರಗಳಲ್ಲಿ ಫೋನು ಮಾಡುತ್ತಿದ್ದಳು, ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಅಷ್ಟೇ. ಎದುರಿಗೆ ನೋಡಿ ಹದಿನಾಲ್ಕು ತಿಂಗಳಾಗಿತ್ತು. ಇಷ್ಟು ಸಣ್ಣಗಾಗಿದ್ದಾನೆಂದು ಫೋನಿನಲ್ಲಿ ಗೊತ್ತಾಗಿರಲಿಲ್ಲ. ಅವನು ನಲವತ್ತು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ಕಾಗದವನ್ನು ಮೇಜಿನ ಮೇಲೆ ಬಿಡಿಸಿ ಅವಳ ಕಡೆ ತಿರುಗಿಸಿದ. ಅಂಚಿನಲ್ಲೆಲ್ಲ ಕೆಂಪು ಗುರುತುಗಳು.

"ಎರಡು ಕಾಗುಣಿತ" ಎಂದ. "ಒಂದು ಕಡೆ ಪೂರ್ಣವಿರಾಮ ಬಿಟ್ಟುಹೋಗಿದೆ. ಬೇಜಾರು ಮಾಡ್ಕೋಬೇಡ, ಕೈ ಸುಮ್ನಿರಲಿಲ್ಲ."

"ಅಣ್ಣ..."

"ಇದೊಂದು ನನಗೆ ಬಿಡಿಸಕ್ಕಾಗ್ಲಿಲ್ಲ." ಬೆರಳು ನಡುವಿನ ಸಾಲಿನ ಮೇಲೆ ನಿಂತಿತು. *ನಮ್ಮ ದಾಖಲೆಯ ಪ್ರಕಾರ ನಿಮ್ಮ ಸಂಪರ್ಕ ತಪ್ಪಿದೆ. ತಾವು ಎಲ್ಲಿದ್ದರೂ ಕುಶಲವಾಗಿದ್ದೀರೆಂದು ನಂಬಿದ್ದೇವೆ.* ತಪ್ಪಿದೆ ಎಂಬುದರ ಕೆಳಗೆ ಗೆರೆ, ಪಕ್ಕದಲ್ಲಿ ಪ್ರಶ್ನೆಯ ಗುರುತು. "ತಪ್ಪಿಹೋಗಿದೆ ಅಂತಲೋ, ತಪ್ಪು ಇದೆ ಅಂತಲೋ. ಎರಡೂ ಒಂದೇ ಥರ ಬರೆಯೋದಲ್ವಾ."

ಗುಮಾಸ್ತೆ ಕಪಾಟಿನ ಹಿಂದೆ ಏನೋ ಹುಡುಕುತ್ತಿದ್ದವಳು ಹುಡುಕುವುದನ್ನು ನಿಲ್ಲಿಸಿದಳು. ಅವಳಿಗೆ ಇದು ತನ್ನ ಮೇಡಮ್ಮಿನ ಅಣ್ಣ ಎಂದು ಈಗಷ್ಟೇ ತಿಳಿದಿತ್ತು. ಗುಮಾಸ್ತೆಗೆ ಆಚೆ ಹೋಗುವಂತೆ ಹೇಳಬೇಕೆಂದು ಅವಳಿಗನ್ನಿಸಿತು, ಹೇಳಲಿಲ್ಲ. ಬದಲು, ಇಂಥ ಹೊತ್ತಿನಲ್ಲಿ ಓದಿದವರು ಏನು ಮಾಡುತ್ತಾರೋ ಅದನ್ನೇ ಮಾಡಿದಳು: ವಿವರಿಸತೊಡಗಿದಳು. ಪಟ್ಟಿ ಹೇಗೆ ತಯಾರಾಗುತ್ತದೆ, ಮೂರು ಫೋನು, ಮೂರು ಮನೆ, ಮನೆಯವರ ಬಾಯಿಮಾತನ್ನು ದಾಖಲೆ ಎಂದು ಹಿಡಿಯುವಂತಿಲ್ಲ, ತನಗೆ ಆ ಕಡತ ಮುಟ್ಟುವ ಅಧಿಕಾರವೇ ಇರಲಿಲ್ಲ. ತನ್ನ ದನಿ ತನಗೇ ಕೇಳುತ್ತಿತ್ತು, ನರ್ಸುಗಳಿಗೆ ಪಾಠ ಹೇಳುವ ದನಿ. ಅಣ್ಣ ಅಚ್ಚಿನ ಹಾಳೆ ಓದುವಂತೆ ಅವಳ ಮುಖವನ್ನು ಸಾಲು ಸಾಲಾಗಿ ಓದುತ್ತ ಕೂತಿದ್ದ. ಅವಳಿಗೆ ಮಾತು ಮುಗಿಯಿತು. ಆಮೇಲೆ ಬೇರೆಯೇ ದನಿಯಲ್ಲಿ, ಹನ್ನೊಂದು ವರ್ಷದ ಹುಡುಗಿಯ ದನಿ ಇದ್ದರೂ ಇರಬಹುದು, ಹೇಳಿದಳು: "ಅಣ್ಣ, ಅತ್ತಿಗೆ ಬೆನ್ನುನೋವು ಅಂತ ನನಗೆ ಫೋನ್ ಮಾಡಿದ್ಲು. ನಾನು ತಪಾಸಣೆವರೆಗೂ ಕಾಯಿ ಅಂದೆ. ನಿನಗೆ ಹೇಳಲಿಲ್ಲ."

"ಗೊತ್ತು."

ಅವಳು ತಲೆಯೆತ್ತಿದಳು.

"ಕೈಯಲ್ಲಿ ಹಿಟ್ಟಿತ್ತು ಅವಳಿಗೆ. ಫೋನು ನಾನೇ ಹಿಡ್ಕೊಂಡಿದ್ದೆ, ಸ್ಪೀಕರ್ ಹಾಕಿ." ಅವನು ಕೊಡೆಯ ಹಿಡಿಯನ್ನು ತಿರುಗಿಸಿದ. "ನೀನು ನೀವು ಅಂದ್ಯಲ್ಲ, ಆವತ್ತೆಲ್ಲ ಅದನ್ನೇ ಹೇಳ್ಕೊಂಡು ನಗ್ತಿದ್ಲು. ನಮ್ಮ ಶೇಕಡಾ ದೊಡ್ಡ ಡಾಕ್ಟ್ರಾಗಿಬಿಟ್ಟಿದಾಳೆ ಅಂತ."

ಅವಳಿಗೆ ಕೂರಬೇಕೆನಿಸಿತು. ಕುರ್ಚಿ ಎಳೆದಾಗ ನೆಲದ ಮೇಲೆ ಕರ್ರೆಂದಿತು.

"ಎರಡನೇ ವಾರಕ್ಕೆ ನೋವು ತಡೀಲಾರದೆ ಗೋಡೆ ಹಿಡ್ಕೊಂಡು ನಿಲ್ಲೋಳು. ಇಲ್ಲೇ ಯಾರಾದ್ರೂ ಡಾಕ್ಟ್ರಿಗೆ ತೋರ್ಸೋಣ ನಡಿ ಅಂದೆ. ಬೇಡ ಅಂದ್ಲು. ನಡುವೆ ಬೇರೆ ಕಡೆ ಹೋದ್ರೆ ಅವಳ ಲೆಕ್ಕ ಕೆಡುತ್ತೆ ಅಂದ್ಲು. ನಾನೊಬ್ಬಳು ಅವಸರ ಮಾಡಿ ಆರುನೂರು ಜನರ ಕೆಲಸ ಹಾಳು ಮಾಡ್ಲಾ ಅಂದ್ಲು. ನಾನೂ ಸುಮ್ನಾದೆ. ನಿನ್ನನ್ನೇನೂ ಅಂತಿಲ್ಲ, ನಾನೂ ಸುಮ್ನಾದೆ." ಅವನು ಕೆಮ್ಮಿದ. "ಆಮೇಲೆ ನೀನು ಇಲ್ಲಿ ದೊಡ್ಡದಾಗಿ ಬರೆದು ಅಚ್ಚು ಮಾಡ್ಸಿದೀಯ ಅಂತ ತಿಳೀತು. ಅವಳೂ ಅದರಲ್ಲೊಂದು ಸಂಖ್ಯೆ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಹೋಗಲಿ, ಯಾವುದಕ್ಕೋ ಕಾದಳಲ್ಲ ಅಂತ. ನೋಡಿದ್ರೆ ಈ ಕಾಗದ. ಅಷ್ಟು ಕಾದೋಳನ್ನ ನೀನು ಲೆಕ್ಕಕ್ಕೇ ತಗೊಂಡಿಲ್ವಲ್ಲೇ."

ಬೈದಿದ್ದರೆ ಚೆನ್ನಾಗಿತ್ತು. ಹೊಡೆದಿದ್ದರೂ. ಚಿಕ್ಕಂದಿನಲ್ಲಿ ಅಣ್ಣ ಒಂದೇ ಒಂದು ಸಲ ಹೊಡೆದಿದ್ದ, ಬಾವಿಯ ಕಟ್ಟೆ ಹತ್ತಿದ್ದಕ್ಕೆ, ಆಮೇಲೆ ತಾನೇ ಅತ್ತಿದ್ದ. ಈಗ ಅವನು ಅಳುತ್ತಿರಲಿಲ್ಲ, ಬರೀ ಕಾಗದದ ಮಡಿಕೆಯನ್ನು ಉಗುರಿನಿಂದ ನೇರ ಮಾಡುತ್ತಿದ್ದ. ಅವಳ ಮನಸ್ಸು ಒಂದು ಗಳಿಗೆ ಎಲ್ಲವನ್ನೂ ಬಿಟ್ಟು ಲೆಕ್ಕಕ್ಕೇ ಓಡಿತು, ಅದರ ಚಾಳಿಯೇ ಅದು: ಮೂವತ್ತೊಂದು, ಇಪ್ಪತ್ತೊಂದು, ಅಂತರ ಹತ್ತು. ಕೊನೆಯ ವಾಕ್ಯ ಬಿತ್ತು. ಹಸಿರು ಕಾರ್ಡುಗಳು ಬಿದ್ದವು. ಮುಖ್ಯಸ್ಥರ ಫೋನಿನಲ್ಲಿ ತುಟಿ ಅಗಲಿಸಿಕೊಂಡು ನಿಂತಿರುವ ಹೆಂಗಸು ಬಿದ್ದಳು. ಹೆದರಿಕೆಯಾಯಿತು, ತನಗಾಗಿಯೇ ಆದ ಅಪ್ಪಟ ಹೆದರಿಕೆ. ಅದರ ಜೊತೆಗೆ, ಅಣ್ಣನ ಎದುರು ಕೂತು ಇನ್ನೂ ತನ್ನ ಚಿಂತೆಯೇ ಆಯಿತಲ್ಲ ಎಂದು ಮೈಯೆಲ್ಲ ನಾಚಿಕೆ. ಗೋಡೆ ಹಿಡಿದು ನಿಂತ ಅತ್ತಿಗೆಯನ್ನು ಅವಳು ಕಂಡಿರಲಿಲ್ಲ. ಈಗ ಕಂಡಳು. ಇನ್ನು ಅದು ಕಣ್ಣಿನಿಂದ ಹೋಗುವುದಿಲ್ಲವೆಂದೂ ತಿಳಿಯಿತು.

"ತಡವಾಗಿ ತಿಳಿದ ಸಾವಿನ ನಮೂನೆ ಕೊಡಿ" ಎಂದಳು ಗುಮಾಸ್ತೆಗೆ.

ಗುಮಾಸ್ತೆ ಕಪಾಟಿನ ಹಿಂದಿನಿಂದ ಬಂದು, ಅವಳನ್ನು ನೋಡದೆ, ಒಂದು ಹಾಳೆ ಇಟ್ಟಳು. "ಇದನ್ನ ತುಂಬಿದ್ರೆ ಮುಖ್ಯಸ್ಥರಿಗೊಂದು ಪ್ರತಿ ಹೋಗುತ್ತೆ ಮೇಡಂ. ಪತ್ರಿಕೆಯವರಿಗೂ ಒಂದು." ಆಮೇಲೆ ದನಿ ತಗ್ಗಿಸಿ, "ಆವಾಗ ನನಗೊಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ. ನಾನು ಪಾಪದೋಳು, ಮೂರು ವಾರ ಸತ್ತೋರಿಗೆ ಫೋನ್ ಮಾಡ್ತಾ ಕೂತಿದ್ದೆ" ಎಂದಳು. ಅವಳು ತಲೆಯಾಡಿಸಿದಳು. ಇವಳಿಗೂ ಒಂದು ಕ್ಷಮೆ ಬಾಕಿಯಿದೆಯೆಂದು ಈವರೆಗೆ ಅನ್ನಿಸಿರಲಿಲ್ಲ.

ಸಂಖ್ಯೆ ಬರೆದಳು. ಸತ್ತ ದಿನ ಬರೆದಳು, ಸತ್ತ ಸ್ಥಳ ಬರೆದಳು. ಮಾಹಿತಿ ಕೊಟ್ಟವರು ಎಂಬಲ್ಲಿ ಅಣ್ಣ ತನ್ನ ಹೆಸರು ಹೇಳಲು ಬಾಯಿ ತೆರೆದ. ಅವಳು ಅ‌ಷ್ಟರಲ್ಲಿ ತನ್ನದನ್ನು ಬರೆದಾಗಿತ್ತು. ಸಂಬಂಧ: ನಾದಿನಿ. ಮುಂದಿನ ಮನೆಯಲ್ಲಿ, ಮಾಹಿತಿ ತಿಳಿದ ದಿನ, ಎಂದಿತ್ತು. ಪೆನ್ನು ನಿಂತಿತು.

ಅಣ್ಣ ಕನ್ನಡಕ ಸರಿಮಾಡಿಕೊಂಡು ಬಾಗಿ ಓದಿದ. ಅಚ್ಚಾದ ಅಕ್ಷರಗಳ ನಡುವೆ ಬದುಕಿದವನು. ಆ ಚಿಕ್ಕ ಮನೆ ಏನು ಕೇಳುತ್ತಿದೆ, ಅದಕ್ಕೆ ಕೊಡುವ ಉತ್ತರದಿಂದ ತಂಗಿಗೆ ಏನಾಗುತ್ತದೆ ಎಂಬುದು ಅವನಿಗೆ ಕೂಡಲೇ ತಿಳಿಯಿತು. ಗುಮಾಸ್ತೆಯ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದ: "ಇವತ್ತಿನ ತಾರೀಕು ಹಾಕು."

"ಅಣ್ಣ."

"ನಾನು ಬಂದು ಹೇಳಿದ್ದು ಇವತ್ತೇ ತಾನೇ? ಇವತ್ತು ತಿಳೀತು ಅಂತ ಹಾಕು. ಅವಳು ಲೆಕ್ಕಕ್ಕೆ ಬರ್ತಾಳೆ, ನಿನ್ನ ಕೆಲಸವೂ ಉಳಿಯುತ್ತೆ. ಅವಳು ಇದ್ದಿದ್ರೂ ಇದನ್ನೇ ಅಂತಿದ್ಲು."

ಅಂತಿದ್ದಳು, ಖಂಡಿತ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಈ ಮನೆಯವರು ಅವಳ ಕೆಲಸಕ್ಕೆ ಗಾಳಿ ತಾಗದಂತೆ ನೋಡಿಕೊಂಡು ನೋಡಿಕೊಂಡು ಒಬ್ಬಳನ್ನು ಮಣ್ಣಿಗಿಟ್ಟಾಗಿತ್ತು. ಈಗ ಉಳಿದೊಬ್ಬನು, ನಲವತ್ತು ವರ್ಷ ಒಂದು ಕೊಂಬು ಒಂದು ದೀರ್ಘ ಹೆಚ್ಚುಕಡಿಮೆಯಾದರೂ ಬಿಡದವನು, ಗೊತ್ತಿದ್ದೂ ಒಂದು ಸುಳ್ಳು ತಾರೀಕನ್ನು ಬಿಟ್ಟುಕೊಡುತ್ತೇನೆನ್ನುತ್ತಿದ್ದ. ಇವತ್ತಿನ ತಾರೀಕು ಹಾಕಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಪ್ರಾಮಾಣಿಕಳೆಂದು ಇನ್ನೊಂದು ಸಲ ಹೊಗಳುತ್ತಾರೆ. ಪೆನ್ನಿನ ತುದಿ ಕಾಗದಕ್ಕೆ ತಾಗಿ ಒಂದು ಚುಕ್ಕಿ ಬಿತ್ತು. ಸತ್ಯ ಹೇಳಬೇಕೆಂದರೆ, ಆ ಚುಕ್ಕಿ ಇವತ್ತಿನ ತಾರೀಕಿನ ಮೊದಲ ಗೆರೆಯಾಗಿಯೇ ಶುರುವಾಗಿತ್ತು.

"ಬೇಡಣ್ಣ" ಎಂದಳು. ಹತ್ತೊಂಬತ್ತು ಎಂದು ಬರೆದಳು, ಹೋದ ವರ್ಷದ ತಿಂಗಳು ಬರೆದಳು. ಅಣ್ಣ ನಿಟ್ಟುಸಿರು ಬಿಟ್ಟ. ಸಮಾಧಾನದ್ದೋ ಸಂಕಟದ್ದೋ ಅವಳಿಗೆ ತಿಳಿಯಲಿಲ್ಲ.

ಇನ್ನು ಎರಡು ಸಾಲು. ರೋಗಿ ಕೊನೆಯದಾಗಿ ಹೇಳಿದ ತೊಂದರೆ: ಬೆನ್ನುನೋವು, ಹತ್ತು ದಿನದಿಂದ, ಮಲಗಿದರೂ ಇದೆ. ಕೈಗೊಂಡ ಕ್ರಮ. ಇಲ್ಲಿ ಅವಳ ಕೈ ತಡೆಯಲಿಲ್ಲ. ಇಪ್ಪತ್ತು ವರ್ಷ ಇಂಥ ಸಾಲುಗಳನ್ನು ತುಂಬಿದ ಕೈ ತಾನಾಗಿಯೇ ಬರೆದುಕೊಂಡು ಹೋಯಿತು. ನಿಗದಿತ ತಪಾಸಣೆಯವರೆಗೆ ಕಾಯಲು ಹೇಳಲಾಯಿತು.

ಅಣ್ಣ ಓದಿದ. ಚುಚ್ಚಬೇಕೆಂದಲ್ಲ, ಅವನ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಕರಡು ಎದುರಿಗಿದ್ದಾಗ ಅವನ ಬಾಯಿಂದ ಯಾವಾಗಲೂ ಬರುವ ಹಾಗೆಯೇ ಬಂತು.

"ಈ ವಾಕ್ಯಕ್ಕೆ ಕರ್ತೃ ಇಲ್ಲ."

ಅವಳು ಆ ಸಾಲನ್ನು ನೋಡಿದಳು. ನಿಜ, ಇರಲಿಲ್ಲ. ಯಾರೋ ಹೇಳಿದ್ದರು, ಯಾರೋ ಕೇಳಿದ್ದರು. 'ಹೇಳಲಾಯಿತು' ಎಂಬುದನ್ನು ಹೊಡೆದುಹಾಕಿ, ಮೇಲೆ 'ನಾನು ಹೇಳಿದೆ' ಎಂದು ಬರೆದಳು. ಸಾಲಿನಲ್ಲಿ ಇನ್ನೂ ಎರಡು ಪದಕ್ಕೆ ಜಾಗವಿತ್ತು. ಅತ್ತಿಗೆ ಕಾದಳು, ಎಂದು ಬರೆದಳು.